ದರ್ಶನವಿಲ್ಲದ ದೇವಸ್ಥಾನಕ್ಕೆ ಹೋಗಿಬರುವ ಬಗೆ: ಟೋಕಿಯೊದ ನೆಜು ಜಿಂಜಾ

ಟೋಕಿಯೊಗೆ ಬರುವ ಕನ್ನಡಿಗರ ಪ್ರವಾಸದ ಪಟ್ಟಿಯಲ್ಲಿ ಅಸಾಕುಸಾದ ಸೆನ್ಸೋಜಿ ಮತ್ತು ಹರಜುಕು ಬಳಿಯ ಮೆಯ್ಜಿ ಜಿಂಗೂ ಇದ್ದೇ ಇರುತ್ತವೆ. ಮೊದಲನೆಯದು ಬೌದ್ಧ ದೇವಾಲಯ. ಎರಡನೆಯದು ಚಕ್ರವರ್ತಿ ಮೆಯ್ಜಿ ಮತ್ತು ಅವರ ರಾಣಿಯ ನೆನಪಿಗೆ 1920ರಲ್ಲಿ ಸ್ಥಾಪಿಸಿದ, ಜಪಾನಿನ ಮೂಲ ಧರ್ಮವಾದ ಶಿಂಟೋದ ಕ್ಷೇತ್ರ. ಎರಡೂ ನೋಡತಕ್ಕವೇ. ಆದರೆ ಒಂದು ಕೇರಿಯ ಜನ ತಮ್ಮ ದೇವರೆಂದು ನಡೆದುಕೊಳ್ಳುವ ಹಳೆಯ ದೇವಸ್ಥಾನ ಹೇಗಿರುತ್ತದೆ ಎಂಬುದು ಅವೆರಡರಿಂದ ತಿಳಿಯುವುದಿಲ್ಲ. ಅದಕ್ಕಾಗಿ ನಾನು ಎಲ್ಲರನ್ನೂ ಬುಂಕ್ಯೋ ವಾರ್ಡಿನ ನೆಜು ಜಿಂಜಾಗೆ ಕಳಿಸುತ್ತೇನೆ. ಜಿಂಜಾ ಎಂದರೆ ಶಿಂಟೋ ದೇವಸ್ಥಾನ. ಒಂದು ಬಡಾವಣೆಯನ್ನು ಕಾಯುವ ದೇವರಿಗೆ ಜಪಾನಿನಲ್ಲಿ ಉಜಿಗಾಮಿ ಎನ್ನುತ್ತಾರೆ, ಆ ದೇವರಿಗೆ ಸೇರಿದ ಮನೆಗಳವರಿಗೆ ಉಜಿಕೊ ಎನ್ನುತ್ತಾರೆ. ಗ್ರಾಮದೇವತೆ ಮತ್ತು ಆಕೆಯ ಒಕ್ಕಲು ಎಂದು ನಮ್ಮ ಕಡೆಯವರಿಗೆ ಹೇಳಿದರೆ ಅರ್ಧ ವಿಷಯ ಅಲ್ಲಿಗೇ ಮುಗಿಯಿತು.

ಉಳಿದರ್ಧ ಸ್ವಲ್ಪ ಕಷ್ಟದ್ದು. ನಾವು ದೇವಸ್ಥಾನಕ್ಕೆ ಹೋಗುವುದು ದರ್ಶನಕ್ಕೆ. ಸರತಿಯಲ್ಲಿ ನಿಂತು, ಗರ್ಭಗುಡಿಯ ಎದುರು ಕತ್ತು ಉದ್ದ ಮಾಡಿ, ಮಂಗಳಾರತಿಯ ಬೆಳಕಿನಲ್ಲಿ ಒಂದು ಕ್ಷಣ ಮೂರ್ತಿಯನ್ನು ಕಣ್ತುಂಬಿಕೊಂಡರೆ ಹೋದ ಕೆಲಸ ಆದಂತೆ. ಜಿಂಜಾದಲ್ಲಿ ನೋಡಲು ಮೂರ್ತಿ ಇರುವುದಿಲ್ಲ. ದೇವರ ಸಾನ್ನಿಧ್ಯ ನೆಲೆಸಿದೆ ಎನ್ನುವ ವಸ್ತು, ಹಲವು ಕಡೆ ಅದು ಒಂದು ಕನ್ನಡಿ, ಒಳಗಿನ ಮುಚ್ಚಿದ ಬಾಗಿಲ ಹಿಂದೆ ಇರುತ್ತದೆ. ಅದನ್ನು ಭಕ್ತರು ನೋಡುವುದಿಲ್ಲ, ನೋಡಬೇಕೆಂದು ಬಯಸುವುದೂ ಇಲ್ಲ. ಇದು ತಿಳಿಯದೆ ಹೋದವರು ‘ಅಲ್ಲಿ ಏನೂ ಇಲ್ಲ’ ಎಂದು ಹಿಂದಿರುಗಿ ಬಂದದ್ದನ್ನು ನಾನು ಕೇಳಿದ್ದೇನೆ. ಕಣ್ಣಿನ ಕೆಲಸವನ್ನು ಇಲ್ಲಿ ಕೈಕಾಲುಗಳು ಮಾಡುತ್ತವೆ: ಬಾಗುವುದು, ತೊಳೆಯುವುದು, ನಡೆಯುವುದು, ಚಪ್ಪಾಳೆ ತಟ್ಟುವುದು. ಆದ್ದರಿಂದ ಕ್ರಮವನ್ನು ಮೊದಲೇ ತಿಳಿದು ಹೋಗುವುದು ಒಳ್ಳೆಯದು.

ಹೋಗುವ ಮುನ್ನ

ಪ್ರವೇಶ ಶುಲ್ಕವಿಲ್ಲ, ನೀವು ಯಾರು, ಯಾವ ಮತದವರು ಎಂದು ಯಾರೂ ಕೇಳುವುದಿಲ್ಲ, ವಿಶೇಷ ಉಡುಪಿನ ನಿಯಮವೂ ಇಲ್ಲ. ಆವರಣ ಬೆಳಗ್ಗೆ 6 ಗಂಟೆಗೆ ತೆರೆಯುತ್ತದೆ. ಸಂಜೆ ಮುಚ್ಚುವ ಸಮಯ ಋತುವಿಗೆ ತಕ್ಕಂತೆ ಬದಲಾಗುವುದರಿಂದ 4 ಗಂಟೆಯೊಳಗೆ ತಲುಪುವಂತೆ ಯೋಜಿಸಿಕೊಳ್ಳಿ. ಅವಸರವಿಲ್ಲದೆ ನೋಡಲು ಒಂದೂವರೆ ಗಂಟೆ ಬೇಕು. ವಾರದ ದಿನಗಳಲ್ಲಿ ಬೆಳಗ್ಗೆ ಎಂಟರ ಒಳಗೆ ಹೋದರೆ ಕೇರಿಯವರು ತಮ್ಮ ಪಾಡಿಗೆ ಬಂದು ಹೋಗುವುದನ್ನು ಕಾಣಬಹುದು. ಆದರೆ ಒಮಾಮೊರಿ ಎಂಬ ರಕ್ಷೆ ಮತ್ತು ಗೋಶುಯಿನ್ ಎಂಬ ಮುದ್ರೆಯ ಪುಟ ಕೊಡುವ ಕಚೇರಿಯ ಕಿಟಕಿ ಅಷ್ಟು ಬೇಗ ತೆರೆಯುವುದಿಲ್ಲ. ಅವೂ ಬೇಕೆಂದಿದ್ದರೆ ಒಂಬತ್ತೂವರೆ, ಹತ್ತರ ಹೊತ್ತಿಗೆ ಹೋಗುವುದು ಅನುಕೂಲ.

ಜೇಬಿನಲ್ಲಿ ನಾಣ್ಯಗಳಿರಲಿ. ನಡುವೆ ತೂತಿರುವ ಹಿತ್ತಾಳೆ ಬಣ್ಣದ 5 ಯೆನ್ ನಾಣ್ಯ ಮೂರು ನಾಲ್ಕು, 100 ಯೆನ್ ನಾಣ್ಯ ಐದಾರು ಇದ್ದರೆ ಸಾಕು. ಒಂದು ಕರವಸ್ತ್ರವನ್ನು ಮರೆಯದೆ ಇಟ್ಟುಕೊಳ್ಳಿ, ಏಕೆಂದರೆ ಕೈ ತೊಳೆಯುವಲ್ಲಿ ಒರೆಸಿಕೊಳ್ಳಲು ಏನೂ ಇರುವುದಿಲ್ಲ. ತೆಂಗಿನಕಾಯಿ, ಬಾಳೆಹಣ್ಣು, ಕರ್ಪೂರ, ಊದುಬತ್ತಿ ಇವುಗಳನ್ನು ಒಯ್ಯಬೇಡಿ. ಮರದಿಂದ ಕಟ್ಟಿದ ಮುನ್ನೂರು ವರ್ಷ ಹಳೆಯ ಕಟ್ಟಡದ ಬಳಿ ಬೆಂಕಿಕಡ್ಡಿ ಗೀರುವುದು ಭಕ್ತಿಯಲ್ಲ, ಅಪಾಯ.

ಇನ್ನೊಂದು ವಿಷಯ ನಮ್ಮವರಿಗೆ ವಿವರಿಸಬೇಕಾಗಿಯೇ ಇಲ್ಲ. ಮನೆಯಲ್ಲಿ ಸಾವಾದರೆ ಸುಮಾರು ಐವತ್ತು ದಿನ ಜಿಂಜಾಗೆ ಹೋಗದಿರುವುದು ಜಪಾನಿನವರ ರೂಢಿ. ಸೂತಕ ಎಂಬ ಮಾತಿಗೆ ಅವರಲ್ಲಿಯೂ ಒಂದು ಮಾತುಂಟು, ಅದರ ಹಿಂದಿನ ಭಾವನೆಯೂ ಹತ್ತಿರದ್ದೇ. ನಿಮ್ಮನ್ನು ಯಾರೂ ತಡೆಯುವುದಿಲ್ಲ, ಆದರೆ ತಿಳಿದವರು ತಾವಾಗಿಯೇ ಹೊರಗೆ ಉಳಿಯುತ್ತಾರೆ.

ದಾರಿ

ಟೋಕಿಯೊ ಮೆಟ್ರೋದ ಚಿಯೋದಾ ಮಾರ್ಗದಲ್ಲಿ ನೆಜು ನಿಲ್ದಾಣಕ್ಕೆ ಬನ್ನಿ. ಇದೇ ಮಾರ್ಗದ ಮುಂದಿನ ನಿಲ್ದಾಣವಾದ ಸೆಂದಾಗಿಯಿಂದಲೂ, ನಂಬೊಕು ಮಾರ್ಗದ ತೋದಾಯ್‌ಮಾಯೆಯಿಂದಲೂ ನಡೆದು ಬರಬಹುದು. ಮೂರೂ ಕಡೆಯಿಂದ ಐದಾರು ನಿಮಿಷಗಳಷ್ಟೇ. ಮೊದಲ ಸಲ ಹೋಗುವವರು ನೆಜು ನಿಲ್ದಾಣವನ್ನೇ ಹಿಡಿಯುವುದು ಒಳ್ಳೆಯದು, ಏಕೆಂದರೆ ಆ ಕಡೆಯಿಂದ ತೋರಿ ಎಂಬ ಮುಖ್ಯ ದ್ವಾರದ ಕೆಳಗಿನಿಂದಲೇ ಒಳಗೆ ಹೋಗುತ್ತೀರಿ. ಒಂದನೆಯ ನಿರ್ಗಮನದಿಂದ ಮೇಲೆ ಬಂದು ಶಿನೊಬಾಜು ರಸ್ತೆಯಲ್ಲಿ ಉತ್ತರದ ಕಡೆಗೆ ನಡೆಯಿರಿ. ‘ನೆಜು ಜಿಂಜಾ ಇರಿಗುಚಿ’ ಎಂಬ ಫಲಕವಿರುವ ವೃತ್ತದಲ್ಲಿ ಎಡಕ್ಕೆ ತಿರುಗಿದರೆ ಸ್ವಲ್ಪ ಮುಂದೆ ಬಲಗಡೆ ದೊಡ್ಡ ಕೆಂಪು ತೋರಿ ಕಾಣುತ್ತದೆ.

ನರಿತಾ ವಿಮಾನ ನಿಲ್ದಾಣದ ಕಡೆಯಿಂದ ಕೆಯ್ಸೆ ರೈಲಿನಲ್ಲಿ ಬರುವವರಿಗೆ ನಿಪ್ಪೊರಿಯಲ್ಲಿ ಇಳಿದು ಯಾನಕಾ ಕೇರಿಯ ಮೂಲಕ ನಡೆದು ಬರುವ ದಾರಿಯೂ ಇದೆ. ಯಾನಕಾ, ನೆಜು, ಸೆಂದಾಗಿ ಈ ಮೂರು ಹೆಸರುಗಳ ಮೊದಲ ಅಕ್ಷರಗಳನ್ನು ಸೇರಿಸಿ ಯಾನೆಸೆನ್ ಎಂದು ಕರೆಯುವ ಈ ಭಾಗದಲ್ಲಿ ಹಳೆಯ ಟೋಕಿಯೊದ ಕಿರುದಾರಿಗಳು, ಮರದ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಆ ನಡಿಗೆಗೆ ಮುಕ್ಕಾಲು ಗಂಟೆ ಬೇರೆಯಾಗಿ ಇಟ್ಟುಕೊಳ್ಳಿ.

ತೋರಿಯ ಕೆಳಗೆ

ಎರಡು ಕಂಬ, ಮೇಲೆ ಎರಡು ಅಡ್ಡತೊಲೆ, ಬಾಗಿಲಿಲ್ಲ: ತೋರಿ ಎಂದರೆ ಇಷ್ಟೇ. ನಮ್ಮ ಮಹಾದ್ವಾರದಂತೆ ಇದು ಗೋಪುರ ಹೊತ್ತಿಲ್ಲ. ಲೋಕದ ನೆಲ ಇಲ್ಲಿಗೆ ಮುಗಿಯಿತು, ದೇವರ ನೆಲ ಇಲ್ಲಿಂದ ಮುಂದೆ ಎಂದು ಗುರುತು ಮಾಡುವುದೇ ಇದರ ಕೆಲಸ. ಅದರ ಮುಂದೆ ಒಮ್ಮೆ ನಿಲ್ಲಿ, ಟೋಪಿ ಇದ್ದರೆ ತೆಗೆಯಿರಿ, ಸೊಂಟದಿಂದ ಸ್ವಲ್ಪ ಬಾಗಿ, ಆಮೇಲೆ ಒಳಗೆ ಕಾಲಿಡಿ. ಬೆಳಗಿನ ಹೊತ್ತಿನಲ್ಲಿ ಬಂದರೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕೈಚೀಲ ಹಿಡಿದ ಮುದುಕಿ ತೋರಿಯ ಎದುರು ನಿಂತು, ಚೀಲವನ್ನು ಎಡಗೈಗೆ ಬದಲಿಸಿ, ಬಾಗಿ, ಒಳಗೆ ಹೋಗದೆಯೇ ಮುಂದೆ ನಡೆದುಬಿಡುತ್ತಾರೆ. ದಾರಿಯಲ್ಲಿ ಹೋಗುತ್ತಾ ಮಾರಮ್ಮನ ಗುಡಿಯ ಕಡೆ ತಿರುಗಿ ಕೈ ಎದೆಗೆ ಮುಟ್ಟಿಸಿಕೊಳ್ಳುವ ನಮ್ಮ ಊರಿನವರ ರೀತಿ ಇದು.

ತೋರಿಯಿಂದ ಮುಂದಕ್ಕೆ ಹೋಗುವ ದಾರಿಗೆ ಸಾಂದೋ ಎಂದು ಹೆಸರು. ಅದರ ನಟ್ಟನಡುವೆ ನಡೆಯಬಾರದು. ನಡುಭಾಗ ದೇವರು ಓಡಾಡುವ ಜಾಗ. ಎಡಕ್ಕೋ ಬಲಕ್ಕೋ ಸರಿದು ನಡೆಯಿರಿ. ಅಡ್ಡ ದಾಟಲೇಬೇಕಾದರೆ ಸ್ವಲ್ಪ ತಲೆ ತಗ್ಗಿಸಿ ದಾಟುತ್ತಾರೆ. ಜನಜಂಗುಳಿಯ ದಿನ ಈ ನಿಯಮವನ್ನು ಜಪಾನಿನವರೇ ಪಾಲಿಸುವುದಿಲ್ಲ ಎಂಬುದನ್ನೂ ಹೇಳಬೇಕು.

ಪಾದರಕ್ಷೆಗಳನ್ನು ಬಿಡಬೇಡಿ. ಕನ್ನಡಿಗರು ಎಡವುವುದು ಇಲ್ಲಿಯೇ. ನಾನು ಮೊದಲ ಸಲ ಹೋದಾಗ ಪ್ರಾರ್ಥನಾ ಮಂಟಪದ ಮೆಟ್ಟಿಲ ಬುಡದಲ್ಲಿ ಅಭ್ಯಾಸಬಲದಿಂದ ಬೂಟು ಬಿಚ್ಚಿಟ್ಟು ಕಾಲುಚೀಲದಲ್ಲಿ ನಿಂತೆ. ಕೈಮುಗಿದು ಹಿಂದಿರುಗಿದಾಗ, ನನ್ನ ಹಿಂದೆ ನಿಂತಿದ್ದ ಅಜ್ಜಿಯೊಬ್ಬರು ಆ ಬೂಟುಗಳನ್ನು ಮುಖ ಹೊರಕ್ಕೆ ತಿರುಗಿಸಿ, ಎರಡನ್ನೂ ಜೋಡಿಸಿ, ಹಾಕಿಕೊಳ್ಳಲು ಅನುಕೂಲವಾಗುವಂತೆ ಇಟ್ಟಿದ್ದರು. ಮಾತಿಲ್ಲ, ನಗುವಿಲ್ಲ, ಒಂದು ಸಣ್ಣ ಬಾಗು ಮಾತ್ರ. ಹೊರಗಿನಿಂದ ಪ್ರಾರ್ಥಿಸುವವರು ಬೂಟು ಹಾಕಿಕೊಂಡೇ ಇರುತ್ತಾರೆ. ವಿಶೇಷ ಪೂಜೆಗೆ ಮಂಟಪದ ಒಳಗೆ ಕರೆದಾಗ ಮಾತ್ರ ಬಿಚ್ಚಬೇಕು.

ನೀರಿನ ತೊಟ್ಟಿಯಲ್ಲಿ

ದಾರಿಯ ಪಕ್ಕದಲ್ಲಿ ಮಾಡಿನ ಕೆಳಗೆ ಕಲ್ಲಿನ ತೊಟ್ಟಿಯೊಂದಿರುತ್ತದೆ. ಇದು ತೆಮಿಜುಯಾ, ಕೈ ಬಾಯಿ ಶುದ್ಧಿ ಮಾಡಿಕೊಳ್ಳುವ ಜಾಗ. ಪುಷ್ಕರಿಣಿಯಲ್ಲಿ ಕಾಲು ತೊಳೆದು ಹೋಗುವ ನಮಗೆ ಇದರ ಅರ್ಥ ಹೇಳಬೇಕಾಗಿಲ್ಲ, ಕ್ರಮವನ್ನು ಮಾತ್ರ ಕಲಿಯಬೇಕು. ಇಡೀ ಕೆಲಸವನ್ನು ಒಂದೇ ಸೌಟು ನೀರಿನಲ್ಲಿ ಮುಗಿಸುವುದೇ ಇಲ್ಲಿನ ಜಾಣ್ಮೆ. ಉದ್ದ ಹಿಡಿಯ ಸೌಟನ್ನು ಬಲಗೈಯಲ್ಲಿ ಹಿಡಿದು ತುಂಬ ನೀರು ತೆಗೆದುಕೊಂಡು ಮೊದಲು ಎಡಗೈಗೆ ಸುರಿಯಿರಿ. ಸೌಟನ್ನು ಎಡಗೈಗೆ ಬದಲಿಸಿ ಬಲಗೈ ತೊಳೆಯಿರಿ. ಮತ್ತೆ ಬಲಗೈಗೆ ತೆಗೆದುಕೊಂಡು, ಎಡ ಅಂಗೈಯನ್ನು ಬಟ್ಟಲು ಮಾಡಿ ಅದರಲ್ಲಿ ಸ್ವಲ್ಪ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸಿ, ಆ ನೀರನ್ನು ತೊಟ್ಟಿಯ ಹೊರಗೆ ಸದ್ದಿಲ್ಲದೆ ಬಿಡಿ. ಬಾಯಿಗೆ ತಾಗಿದ ಎಡಗೈಯನ್ನು ಇನ್ನೊಮ್ಮೆ ತೊಳೆಯಿರಿ. ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿ ಹಿಡಿದರೆ ಉಳಿದ ನೀರು ಹಿಡಿಯ ಉದ್ದಕ್ಕೂ ಇಳಿದು ಅದನ್ನು ತೊಳೆಯುತ್ತದೆ. ಮುಂದಿನವರಿಗೆ ಶುದ್ಧವಾದ ಹಿಡಿ ಸಿಗುತ್ತದೆ. ಸೌಟನ್ನು ಬೋರಲಾಗಿ ಇಟ್ಟು ಬನ್ನಿ.

ಸೌಟಿಗೆ ನೇರವಾಗಿ ಬಾಯಿ ಇಡುವುದು ದೊಡ್ಡ ತಪ್ಪು. ಎಂಜಲು ಎಂಬ ಪದ ಗೊತ್ತಿರುವವರು ಈ ತಪ್ಪು ಮಾಡಲಾರರು ಎಂದುಕೊಂಡಿದ್ದೇನೆ. ಕೊರೊನಾ ಕಾಲದ ನಂತರ ಬಹಳಷ್ಟು ಜಿಂಜಾಗಳಲ್ಲಿ ಸೌಟುಗಳನ್ನು ತೆಗೆದು ಬಿದಿರಿನ ನಳಿಗೆಯಿಂದ ನೀರು ಸಣ್ಣಗೆ ಬೀಳುವಂತೆ ಮಾಡಿದ್ದಾರೆ. ಹಾಗಿದ್ದಾಗ ಎಡಗೈ, ಬಲಗೈ ತೊಳೆದರೆ ಸಾಕು.

ರೋಮೊನ್‌ನಿಂದ ಹೈದೆನ್‌ವರೆಗೆ

ಚಿಕ್ಕ ಸೇತುವೆಯನ್ನು ದಾಟಿದೊಡನೆ ಎದುರಾಗುವ ಎರಡಂತಸ್ತಿನ ಕೆಂಪು ಹೆಬ್ಬಾಗಿಲೇ ರೋಮೊನ್. ಇದರ ಎರಡೂ ಬದಿಯ ಗೂಡುಗಳಲ್ಲಿ ಬಿಲ್ಲುಬಾಣ ಹಿಡಿದು ಕುಳಿತ ಕಾವಲುಗಾರರ ಮೂರ್ತಿಗಳಿವೆ. ಇವರು ದೇವರಲ್ಲ, ದ್ವಾರಪಾಲಕರು. ನಮ್ಮೆದುರಿಗೆ ಬಲಗಡೆ ಇರುವವನ ಮುಖಕ್ಕೆ ತೊಕುಗಾವಾ ಮಿತ್ಸುಕುನಿ ಎಂಬ ಪ್ರಸಿದ್ಧ ಸಾಮಂತ ಮಾದರಿ ಎಂಬ ಹೇಳಿಕೆಯಿದೆ. ಇದನ್ನು ದಾಟಿದರೆ ಕಾರಾಮೊನ್ ಎಂಬ ಇನ್ನೊಂದು ಬಾಗಿಲು, ಅದರ ಎರಡೂ ಕಡೆಯಿಂದ ಹೊರಟು ಗುಡಿಯನ್ನು ಸುತ್ತುವರಿಯುವ ಸುಕಿಬೆಯ್ ಎಂಬ ಜಾಲರಿ ಬೇಲಿ. ಇಲ್ಲಿ ನಿಂತು ಸ್ವಲ್ಪ ಇತಿಹಾಸ ತಿಳಿದುಕೊಳ್ಳಬೇಕು.

ಈ ದೇವರನ್ನು ಪುರಾಣಪುರುಷ ಯಾಮಾತೊ ತಾಕೆರು ಪಕ್ಕದ ಸೆಂದಾಗಿಯಲ್ಲಿ ಸ್ಥಾಪಿಸಿದನೆಂಬುದು ಸ್ಥಳದ ಐತಿಹ್ಯ. ಅದು ಐತಿಹ್ಯ, ಕಟ್ಟಡಗಳ ಕಾಲ ಮಾತ್ರ ಖಚಿತ. ಜಪಾನನ್ನು ಆಳುತ್ತಿದ್ದ ಸೇನಾಧಿಪತಿ, ಐದನೆಯ ತೊಕುಗಾವಾ ಶೋಗುನ್ ತ್ಸುನಾಯೋಶಿಗೆ ಗಂಡು ಸಂತಾನ ಉಳಿಯಲಿಲ್ಲ. ಅಣ್ಣನ ಮಗ ಇಯೆನೊಬುವನ್ನು ಉತ್ತರಾಧಿಕಾರಿಯಾಗಿ ಆರಿಸಿದ. ಇಯೆನೊಬು ಹುಟ್ಟಿದ್ದು ಈ ಜಾಗದಲ್ಲಿದ್ದ ತಂದೆಯ ಬಂಗಲೆಯಲ್ಲಿ. ಆದ್ದರಿಂದ ಶೋಗುನ್ ಆ ಬಂಗಲೆಯ ನೆಲವನ್ನೇ ದೇವರಿಗೆ ಬಿಟ್ಟುಕೊಟ್ಟು, ಗುಡಿಯನ್ನು ಸೆಂದಾಗಿಯಿಂದ ಇಲ್ಲಿಗೆ ತಂದು, 1706ರಲ್ಲಿ ಇಂದಿನ ಕಟ್ಟಡಗಳನ್ನು ಕಟ್ಟಿಸಿದ. 1923ರ ಭೂಕಂಪ, 1945ರ ಬಾಂಬ್ ದಾಳಿ ಎರಡೂ ಟೋಕಿಯೊದ ಬಹುಭಾಗವನ್ನು ಸುಟ್ಟುಹಾಕಿದರೂ ಹೊಂದೆನ್, ಹೆಯ್ದೆನ್, ಹೈದೆನ್ ಎಂಬ ಗುಡಿಯ ಮೂರು ಭಾಗಗಳು, ಕಾರಾಮೊನ್, ಪಶ್ಚಿಮದ ಬಾಗಿಲು, ಸುಕಿಬೆಯ್, ರೋಮೊನ್ ಈ ಏಳೂ ಉಳಿದುಕೊಂಡಿವೆ. ಏಳನ್ನೂ ಜಪಾನ್ ಸರ್ಕಾರ ಪ್ರಮುಖ ಸಾಂಸ್ಕೃತಿಕ ಆಸ್ತಿಯೆಂದು ಕಾಪಾಡುತ್ತದೆ. ಒಂದು ಗುಡಿಯ ಇಡೀ ಕಟ್ಟಡ ಸಮೂಹ ಹೀಗೆ ಒಟ್ಟಾಗಿ ಉಳಿದಿರುವುದು ಈ ನಗರದಲ್ಲಿ ತೀರ ಅಪರೂಪ.

ಕಟ್ಟಡದ ಶೈಲಿಗೆ ಗೊಂಗೆನ್‌ಜುಕುರಿ ಎಂದು ಹೆಸರು. ನಿಕ್ಕೋ ಊರಿನ ಪ್ರಸಿದ್ಧ ಜಿಂಜಾ ತೋಶೋಗೂ ಕೂಡ ಇದೇ ಶೈಲಿಯದು. ಮುಂದೆ ಭಕ್ತರು ನಿಲ್ಲುವ ಹೈದೆನ್, ನಡುವೆ ಕಾಣಿಕೆಗಳನ್ನು ಅರ್ಪಿಸುವ ಹೆಯ್ದೆನ್, ಹಿಂದೆ ದೇವರಿರುವ ಹೊಂದೆನ್, ಮೂರೂ ಒಂದಕ್ಕೊಂದು ಕೂಡಿಕೊಂಡಿವೆ. ನವರಂಗ, ಸುಕನಾಸಿ, ಗರ್ಭಗುಡಿ ಎಂದು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ರಚನೆ ಥಟ್ಟನೆ ಅರ್ಥವಾಗುತ್ತದೆ. ಒಂದೇ ವ್ಯತ್ಯಾಸವೆಂದರೆ, ನಮ್ಮಲ್ಲಿ ಈ ಮೂರರ ಬಾಗಿಲುಗಳೂ ಒಂದೇ ಸಾಲಿನಲ್ಲಿ ತೆರೆದು ಕಣ್ಣನ್ನು ಒಳಗೆ ಕರೆದೊಯ್ಯುತ್ತವೆ. ಇಲ್ಲಿ ಕಣ್ಣು ಹೈದೆನ್‌ನ ನೆರಳಿನಲ್ಲಿಯೇ ನಿಲ್ಲುತ್ತದೆ.

ಕೊಮಾಇನು ಎಂಬ ಸಿಂಹದಂಥ ಕಲ್ಲಿನ ನಾಯಿಗಳ ಜೋಡಿಯನ್ನು ಯಾವ ಜಿಂಜಾದಲ್ಲಿ ಕಂಡರೂ ಬಾಯಿಯನ್ನು ಗಮನಿಸಿ. ಒಂದರದು ತೆರೆದಿರುತ್ತದೆ, ಇನ್ನೊಂದರದು ಮುಚ್ಚಿರುತ್ತದೆ. ‘ಆ’ ಮತ್ತು ‘ಉನ್’ ಎನ್ನುತ್ತವೆ ಎಂದು ಜಪಾನಿನವರು ಹೇಳುತ್ತಾರೆ. ಬೌದ್ಧರ ಮೂಲಕ ಅಲ್ಲಿಗೆ ಹೋದ ಸಂಸ್ಕೃತದ ಅಕಾರ, ಹೂಂಕಾರಗಳೇ ಅವು, ಆದಿ ಮತ್ತು ಅಂತ್ಯ.

ಕಾಣಿಕೆ, ಬಾಗು, ಚಪ್ಪಾಳೆ

ಹೈದೆನ್‌ನ ಮುಂದೆ ಅಡ್ಡಪಟ್ಟಿಗಳಿರುವ ಮರದ ಕಾಣಿಕೆ ಪೆಟ್ಟಿಗೆ ಇದೆ. ನಾಣ್ಯವನ್ನು ಎಸೆಯದೆ ಮೆಲ್ಲಗೆ ಜಾರಿಸಿ. ಎಷ್ಟು ಹಾಕಬೇಕೆಂಬ ಕಟ್ಟಳೆಯಿಲ್ಲ, ಆದರೆ 5 ಯೆನ್ ಎಲ್ಲರ ಮೆಚ್ಚಿನದು, ಏಕೆಂದರೆ ಐದು ಯೆನ್ ಎಂಬುದನ್ನು ‘ಗೋಎನ್’ ಎನ್ನುತ್ತಾರೆ, ಋಣಾನುಬಂಧ ಎಂಬರ್ಥದ ಮಾತಿನ ಉಚ್ಚಾರಣೆಯೂ ಅದೇ. ಹತ್ತು ಯೆನ್ ಹಾಕಿದರೆ ‘ದೂರದ ನಂಟು’ ಎಂದು ಕೇಳಿಸುತ್ತದೆಂದು ಹಿಂಜರಿಯುವವರೂ ಇದ್ದಾರೆ. ನೂರು ಯೆನ್ ಹಾಕಿದರೂ ದೇವರು ಬೇಸರ ಮಾಡಿಕೊಂಡದ್ದನ್ನು ಯಾರೂ ಕಂಡಿಲ್ಲ.

ಹಗ್ಗಕ್ಕೆ ಕಟ್ಟಿದ ಗಂಟೆ ಇದ್ದರೆ ಈಗ ಬಾರಿಸಿ. ಆಮೇಲೆ ಎರಡು ಬಾಗು, ಎರಡು ಚಪ್ಪಾಳೆ, ಒಂದು ಬಾಗು. ಬಾಗು ಎಂದರೆ ತಲೆ ಅಲ್ಲಾಡಿಸುವುದಲ್ಲ. ಬೆನ್ನು ನೇರವಾಗಿಟ್ಟುಕೊಂಡು ಸೊಂಟ ಮಡಿಯುವಷ್ಟು ಆಳವಾಗಿ, ಎರಡು ಸಲ. ಬಳಿಕ ಎರಡೂ ಅಂಗೈಗಳನ್ನು ಎದೆಯ ಮಟ್ಟದಲ್ಲಿ ಜೋಡಿಸಿ, ಬಲಗೈಯನ್ನು ಒಂದು ಗೆಣ್ಣಿನಷ್ಟು ಕೆಳಕ್ಕೆ ಎಳೆದು, ಕೈಗಳನ್ನು ಹೆಗಲಗಲಕ್ಕೆ ತೆರೆದು ಎರಡು ಸಲ ತಟ್ಟಿ. ಹೀಗೆ ಸರಿಸಿಕೊಂಡು ತಟ್ಟಿದಾಗ ಸದ್ದು ಸ್ಪಷ್ಟವಾಗಿ ಬರುತ್ತದೆ. ತಟ್ಟಿದ ನಂತರ ಬೆರಳುಗಳನ್ನು ಮತ್ತೆ ಸಮನಾಗಿ ಜೋಡಿಸಿ ನಮಸ್ಕಾರದ ಭಂಗಿಯಲ್ಲಿ ನಿಂತು ಮನಸ್ಸಿನಲ್ಲಿ ಪ್ರಾರ್ಥಿಸಿ. ಕೈ ಇಳಿಸಿ ಕೊನೆಯದಾಗಿ ಒಮ್ಮೆ ಆಳವಾಗಿ ಬಾಗಿ, ಪಕ್ಕಕ್ಕೆ ಸರಿಯಿರಿ. ಎಲ್ಲ ಸೇರಿ ಅರ್ಧ ನಿಮಿಷ. ಹಿಂದೆ ಸಾಲಿದ್ದರೆ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದು ಸಲ್ಲದು.

ಪ್ರಾರ್ಥನೆಯಲ್ಲಿ ಏನು ಹೇಳಬೇಕು? ಮೊದಲು ಹೆಸರು, ಎಲ್ಲಿ ವಾಸವೆಂಬ ವಿಳಾಸ, ಇಲ್ಲಿಯವರೆಗಿನದಕ್ಕೆ ಕೃತಜ್ಞತೆ, ಆಮೇಲೆ ಕೋರಿಕೆ ಎಂದು ಹಿರಿಯರು ಹೇಳಿಕೊಡುತ್ತಾರೆ. ಸಂಕಲ್ಪದಲ್ಲಿ ದೇಶಕಾಲ, ಗೋತ್ರ, ನಕ್ಷತ್ರ ಹೇಳಿ ದೇವರಿಗೆ ನಮ್ಮ ಗುರುತು ಕೊಡುವಂತೆಯೇ ಇದು. ಜಪಾನೀ ಭಾಷೆ ಬಾರದಿದ್ದರೆ ಕನ್ನಡದಲ್ಲೇ ಹೇಳಿಕೊಳ್ಳಿ. ಮುಖ್ಯವಾಗಿ ಇಲ್ಲಿ ನೆಲೆಸಿರುವವರು ಸುಸಾನೊವೊ, ಓಯಾಮಾಕುಯಿ, ಹೊಮುದಾವಾಕೆ ಎಂಬ ದೇವತೆಗಳು. ವಿದ್ಯೆಯ ದೇವರೆಂದು ಪೂಜೆಗೊಳ್ಳುವ ಸುಗಾವಾರಾ ನೊ ಮಿಚಿಜಾನೆಯೂ ಜೊತೆಗಿದ್ದಾನೆ. ಮಕ್ಕಳ ಪರೀಕ್ಷೆಯ ಚಿಂತೆ ಇರುವವರು ಇದನ್ನು ನೆನಪಿಡಬಹುದು.

ಪ್ರದಕ್ಷಿಣೆಯ ರೂಢಿಯಿಲ್ಲ, ಅಡ್ಡ ಬೀಳುವ ರೂಢಿಯೂ ಇಲ್ಲ. ಹೈದೆನ್‌ನ ಒಳಭಾಗಕ್ಕೆ ಕ್ಯಾಮೆರಾ ತಿರುಗಿಸಬೇಡಿ, ಒಳಗೆ ಪೂಜೆ ನಡೆಯುತ್ತಿದ್ದರಂತೂ ಬೇಡವೇ ಬೇಡ. ಅರ್ಚನೆಯಂತೆ ನಿಮ್ಮ ಹೆಸರಿನಲ್ಲಿ ಪೂಜೆ ಆಗಬೇಕೆಂದರೆ ಕಚೇರಿಯಲ್ಲಿ ಗೊಕಿತೋ ಎಂದು ಕೇಳಬೇಕು. ಅರ್ಚಕರು ಹೆಸರು, ವಿಳಾಸ, ಕೋರಿಕೆ ಬರೆದುಕೊಂಡು ಒಳಗೆ ಕೂರಿಸಿ ನೊರಿತೊ ಎಂಬ ಹಳೆಯ ಶೈಲಿಯ ಪ್ರಾರ್ಥನೆಯನ್ನು ಓದುತ್ತಾರೆ. ಇದಕ್ಕೆ ಜಿಂಜಾಗಳಲ್ಲಿ ಸಾಮಾನ್ಯವಾಗಿ 5,000 ಯೆನ್‌ನಿಂದ ಮೇಲಕ್ಕೆ ಕಾಣಿಕೆ ಇರುತ್ತದೆ.

ಕಚೇರಿಯ ಕಿಟಕಿ

ಒಮಾಮೊರಿ ಎಂದರೆ ಬಟ್ಟೆಯ ಪುಟ್ಟ ಚೀಲದಲ್ಲಿ ಹೊಲಿದ ರಕ್ಷೆ, ನಮ್ಮ ತಾಯಿತದ ಸಂಬಂಧಿ. ಅದನ್ನು ಬಿಚ್ಚಿ ನೋಡಬಾರದು. ಒಂದು ವರ್ಷವಾದ ಮೇಲೆ ಹಿಂದಕ್ಕೆ ತಂದೊಪ್ಪಿಸುವುದು ವಾಡಿಕೆ. ಎಮಾ ಎಂಬ ಮರದ ಹಲಗೆಯ ಮೇಲೆ ಕೋರಿಕೆ ಬರೆದು ಅಲ್ಲಿನ ಚೌಕಟ್ಟಿಗೆ ನೇತುಹಾಕುತ್ತಾರೆ. ಒಮಿಕುಜಿ ಎಂಬ ಶಕುನದ ಚೀಟಿಯಲ್ಲಿ ದೈಕಿಚಿ ಬಂದರೆ ಬಲು ಶುಭ, ಕ್ಯೋ ಬಂದರೆ ಅಶುಭ. ಕೆಟ್ಟದ್ದು ಬಂದವರು ಚೀಟಿಯನ್ನು ಅದಕ್ಕೆಂದು ಕಟ್ಟಿದ ತಂತಿಗೆ ಕಟ್ಟಿ ಹೋಗುತ್ತಾರೆ. ಮರದ ಕೊಂಬೆಗೆ ಕಟ್ಟಬೇಡಿ.

ನಾನು ಹೆಚ್ಚು ಹೇಳಬೇಕೆಂದಿರುವುದು ಗೋಶುಯಿನ್ ವಿಷಯ. ಜಿಂಜಾದ ಹೆಸರನ್ನೂ ಭೇಟಿಯ ದಿನಾಂಕವನ್ನೂ ಕುಂಚದಿಂದ ಬರೆದು ಮೇಲೆ ಕೆಂಪು ಮುದ್ರೆ ಒತ್ತಿಕೊಡುವ ಪುಟವಿದು. ಇದಕ್ಕೆ ಗೋಶುಯಿನ್‌ಚೋ ಎಂಬ ಮಡಿಕೆ ಪುಸ್ತಕವೇ ಬೇಕು. ಟಿಪ್ಪಣಿ ಪುಸ್ತಕವನ್ನೋ ಪಾಸ್‌ಪೋರ್ಟನ್ನೋ ಮುಂದೆ ಹಿಡಿದರೆ ನಯವಾಗಿ ನಿರಾಕರಿಸುತ್ತಾರೆ. ಪುಸ್ತಕ ಇಲ್ಲದವರಿಗೆ ಮೊದಲೇ ಬರೆದಿಟ್ಟ ಬಿಡಿ ಹಾಳೆ ಕೊಡುವ ಕಡೆಗಳೂ ಉಂಟು. ಮೊದಲು ಪ್ರಾರ್ಥನೆ ಮುಗಿಸಿ, ಆಮೇಲೆ ಕಿಟಕಿಗೆ ಬನ್ನಿ. ಪುಸ್ತಕವನ್ನು ಬರೆಯಬೇಕಾದ ಪುಟಕ್ಕೇ ತೆರೆದು, ಎರಡೂ ಕೈಯಲ್ಲಿ ಕೊಡಿ. ಕಾಣಿಕೆ ಜಿಂಜಾಗಳಲ್ಲಿ ಸಾಮಾನ್ಯವಾಗಿ 300ರಿಂದ 500 ಯೆನ್, ನಗದಾಗಿ. ಶಾಯಿ ಒಣಗಿರದ ಕಾರಣ ಪುಟಗಳ ನಡುವೆ ತೆಳು ಕಾಗದವನ್ನಿಟ್ಟು ಕೊಡುತ್ತಾರೆ, ಅದನ್ನು ಸಂಜೆಯವರೆಗೆ ತೆಗೆಯಬೇಡಿ. ದಿನಾಂಕ ಓದಲು ಬಾರದೆ ಗಾಬರಿಯಾಗಬೇಕಿಲ್ಲ: ಅಲ್ಲಿರುವುದು ರೆಯ್ವಾ ಶಕೆಯ ವರ್ಷ, ನಮ್ಮ ಕ್ಯಾಲೆಂಡರಿನ ವರ್ಷದಿಂದ 2018 ಕಳೆದರೆ ಅದು ಸಿಗುತ್ತದೆ.

ಕೆಂಪು ತೋರಿಗಳ ಸಾಲು

ಆವರಣದ ಪಶ್ಚಿಮಕ್ಕೆ ದಿಬ್ಬದ ಇಳಿಜಾರಿನಲ್ಲಿ ಒತೊಮೆ ಇನಾರಿ ಎಂಬ ಚಿಕ್ಕ ಗುಡಿಯಿದೆ. ಅದರ ಎರಡೂ ಕಡೆಯಿಂದ ಸಾಲುಸಾಲಾಗಿ ನಿಂತ ಕೆಂಪು ತೋರಿಗಳಿಗೆ ಸೆಂಬೊನ್ ತೋರಿ, ಅಂದರೆ ಸಾವಿರ ತೋರಿ ಎಂದು ಹೆಸರು. ಸಾವಿರ ಎಂಬುದು ಲೆಕ್ಕವಲ್ಲ, ಹೇಳುವ ಸೊಗಸು. ಕ್ಯೋತೊದ ಫುಶಿಮಿ ಇನಾರಿಯ ಚಿತ್ರಗಳನ್ನು ಕಂಡವರು ಇದು ಅದರ ಮರಿಯಂತಿದೆ ಎನ್ನುತ್ತಾರೆ. ತೋರಿಗಳು ತಗ್ಗು, ಆರಡಿಯ ಆಳು ತಲೆ ಬಾಗಿಸಿಯೇ ನಡೆಯಬೇಕು. ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲ. ನಡುವೆ ನಿಂತು ಹತ್ತು ಚಿತ್ರ ತೆಗೆದರೆ ಹಿಂದಿನವರು ಸುಮ್ಮನೆ ಕಾಯುತ್ತಾರೆ, ಮಾತಾಡುವುದಿಲ್ಲ. ಅವರ ಮೌನವನ್ನು ಒಪ್ಪಿಗೆಯೆಂದು ತಿಳಿಯಬೇಡಿ.

ಒಂದು ಕಡೆಯಿಂದ ಹೋದ ಮೇಲೆ ಅದೇ ದಾರಿಯಲ್ಲಿ ಹಿಂದಿರುಗಿ ಬಂದು ನೋಡಿ. ಹೋಗುವಾಗ ಖಾಲಿ ಕೆಂಪಾಗಿ ಕಂಡ ಕಂಬಗಳ ಇನ್ನೊಂದು ಮಗ್ಗುಲಲ್ಲಿ ಕಪ್ಪು ಅಕ್ಷರಗಳು ಮೇಲಿನಿಂದ ಕೆಳಕ್ಕೆ ಇಳಿದಿರುತ್ತವೆ: ತೋರಿ ಕೊಟ್ಟವರ ಹೆಸರು, ಕೊಟ್ಟ ದಿನ. ಬುಡಕ್ಕೆ ಕಪ್ಪು ಬಣ್ಣ ಬಳಿದಿದ್ದರೂ ಮಣ್ಣಿನ ತೇವ ಏರುವಲ್ಲಿ ಕೆಲವು ಕಂಬಗಳ ಬಣ್ಣ ಸುಲಿದು ಮರ ಕಾಣುತ್ತದೆ. ಪಕ್ಕದ್ದು ನಿನ್ನೆ ಬಳಿದಂತೆ ಹೊಳೆಯುತ್ತದೆ. ಹರಕೆ ಹೊತ್ತವರು ದೇವಸ್ಥಾನಕ್ಕೆ ಗಂಟೆಯನ್ನೋ ಮೆಟ್ಟಿಲ ಕಲ್ಲನ್ನೋ ಮಾಡಿಸಿ ಹೆಸರು ಕೆತ್ತಿಸುವಂತೆಯೇ ಇದು ಕೂಡ, ಆದರೆ ಮರ ಶಿಥಿಲವಾದಾಗ ಹೆಸರೂ ಹೋಗುತ್ತದೆ. ಇನಾರಿ ಬೆಳೆಯ, ಸಮೃದ್ಧಿಯ ದೇವತೆ. ಇನಾರಿಯ ಗುಡಿಗಳಲ್ಲಿ ಕಾಣುವ ನರಿಗಳು ದೇವರಲ್ಲ, ದೇವತೆಯ ದೂತರು. ಇಲ್ಲಿಯೂ ಕಾಣಿಕೆ ಹಾಕಿ ಮೊದಲಿನಂತೆಯೇ ಎರಡು ಬಾಗು, ಎರಡು ಚಪ್ಪಾಳೆ, ಒಂದು ಬಾಗು. ಗುಡಿಯ ಮುಂದಿನ ಜಗಲಿಯಂಥ ಕಟ್ಟೆಯಿಂದ ಕೆಳಗೆ ಮೀನುಗಳ ಕೊಳ, ಅದರಾಚೆ ಇಡೀ ಆವರಣ ಕಾಣುತ್ತದೆ. ಕುಳಿತು ಉಸಿರು ತೆಗೆಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲಿಲ್ಲ.

ಆವರಣದೊಳಗೇ ಕಲ್ಲುಗಳನ್ನು ಪೇರಿಸಿದ ಒಂದು ಗುಡ್ಡೆಯಿದೆ. ಎಲ್ಲರೂ ದಾಟಿಕೊಂಡು ಹೋಗುತ್ತಾರೆ. ಇಯೆನೊಬು ಹುಟ್ಟಿದಾಗ ಅವನ ಮಾಸನ್ನು ಹೂಳಿದ ಜಾಗವಿದು. ಹೆರಿಗೆಯ ಕಸವನ್ನು ಹಿತ್ತಲಲ್ಲಿ ಆಳವಾಗಿ ಹೂತು ಮೇಲೆ ಕಲ್ಲಿಡುವ ಸೂಲಗಿತ್ತಿಯರನ್ನು ಕಂಡ ಹಳ್ಳಿಯವರಿಗೆ ಶೋಗುನ್ನನ ಈ ಗುಡ್ಡೆ ಅಪರಿಚಿತವೆನಿಸದು. ಹಾಗೆಯೇ ಇಲ್ಲಿರುವ ನೀರು ಕುಡಿಯುವ ಕಲ್ಲಿನ ಕಟ್ಟೆಯೂ ಮೊದಲು ಬೇರೆ ಕೆಲಸಕ್ಕೆ ಇದ್ದದ್ದು: ರಷ್ಯಾ ಜೊತೆಗಿನ ಯುದ್ಧ ಮುಗಿದ ಮೇಲೆ, 1906ರಲ್ಲಿ, ಫಿರಂಗಿ ಗುಂಡು ಇಡಲೆಂದು ಒಪ್ಪಿಸಿದ ಪೀಠ. ಅದರ ಮೇಲಿನ ಹೆಸರುಗಳಲ್ಲಿ ಒಂದು ಮೋರಿ ರಿಂತಾರೋ. ಸೇನೆಯ ವೈದ್ಯರಾಗಿದ್ದ ಇವರೇ ಮೋರಿ ಓಗಾಯ್ ಎಂಬ ಹೆಸರಿನ ಲೇಖಕ. ಇವರ ಮನೆ ಸೆಂದಾಗಿಯಲ್ಲಿತ್ತು, ಕಾದಂಬರಿಕಾರ ನಾತ್ಸುಮೆ ಸೋಸೆಕಿಯೂ ಕೆಲವು ವರ್ಷ ಅದೇ ಭಾಗದಲ್ಲಿದ್ದರು.

ಯಾವ ತಿಂಗಳು

ಏಪ್ರಿಲ್‌ನಲ್ಲಿ ತೋರಿಗಳ ಮೇಲಿನ ದಿಬ್ಬವೆಲ್ಲ ಅಜೇಲಿಯಾ ಹೂಗಳಿಂದ ತುಂಬುತ್ತದೆ. ಸುಮಾರು 100 ತಳಿಯ 3,000 ಗಿಡಗಳಿವೆಯೆಂದು ಲೆಕ್ಕ. ಎಸಳುಗಳು ಗಾಳಿಗಿರಿಗಿಟ್ಟೆಯಂತೆ ಸೀಳಿ ನಿಲ್ಲುವ ಹಾನಾಗುರುಮಾ ಎಂಬ ತಳಿಯನ್ನು ಹುಡುಕಿ ನೋಡಿ. ಹಬ್ಬದ ದಿನಗಳಲ್ಲಿ ಆ ತೋಟಕ್ಕೆ ಮಾತ್ರ ಶುಲ್ಕವಿರುತ್ತದೆ. ತಳಿಗಳು ಬೇರೆಬೇರೆ ವಾರಗಳಲ್ಲಿ ಅರಳುವುದರಿಂದ ಇಡೀ ದಿಬ್ಬ ಒಂದೇ ದಿನ ಅರಳಿರುವುದನ್ನು ನಿರೀಕ್ಷಿಸಬಾರದು. ಹೂವಿಗೆ ಬಂದವರಿಗೆ ಆ ತಿಂಗಳು ಸರಿ, ಗುಡಿಗೆ ಬಂದವರಿಗೆ ಅಲ್ಲ. ಶನಿವಾರ, ಭಾನುವಾರ ತೋರಿಗಳ ಸಾಲಿನಲ್ಲಿ ನಿಂತೇ ಇರಬೇಕಾಗುತ್ತದೆ.

ಜನವರಿಯ ಮೊದಲ ಮೂರು ದಿನ ವರ್ಷದ ಮೊದಲ ಭೇಟಿಗೆ ಇಡೀ ಜಪಾನ್ ಜಿಂಜಾಗಳಿಗೆ ಬರುತ್ತದೆ. ಜೂನ್ 30ರಂದು ಅರ್ಧ ವರ್ಷದ ಕೊಳೆ ತೊಳೆಯಲೆಂದು ಹುಲ್ಲಿನಿಂದ ಹೆಣೆದ ದೊಡ್ಡ ಬಳೆಯೊಳಗೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಸುತ್ತಿ ದಾಟುವ ಆಚರಣೆ ಇರುತ್ತದೆ. ಸೆಪ್ಟೆಂಬರ್‌ನ ವಾರ್ಷಿಕ ಉತ್ಸವ ನನ್ನ ಮೆಚ್ಚಿನದು. 1714ರಲ್ಲಿ ಶೋಗುನ್ ಆಡಳಿತದ ಆಶ್ರಯದಲ್ಲಿ ಈ ಉತ್ಸವ ಭಾರಿ ವೈಭವದಿಂದ ನಡೆದಿತ್ತು. ಇಯೆನೊಬು ಕೊಟ್ಟ ಮೂರು ಮಿಕೊಶಿಗಳು, ಎಂದರೆ ದೇವರ ಪಲ್ಲಕ್ಕಿಗಳು, ಇನ್ನೂ ಇವೆ. ಕೇರಿಯವರು ತಮ್ಮ ತಮ್ಮ ಮಿಕೊಶಿಗಳನ್ನು ಹೆಗಲ ಮೇಲೆ ಕುಣಿಸುತ್ತಾ ಹೊರಟಾಗ, ಅಷ್ಟು ದಿನ ಬಾಗಿಲ ಹಿಂದೆ ಕಾಣದೆ ಇದ್ದ ದೇವರು ಬೀದಿಗೆ ಬಂದಂತೆ. ಆಗಲೂ ಪಲ್ಲಕ್ಕಿಯ ಬಾಗಿಲು ಮುಚ್ಚಿಯೇ ಇರುತ್ತದೆ.

ಹೊರಟ ಮೇಲೆ

ತೋರಿ ದಾಟಿದ ಮೇಲೆ ಹಿಂದಿರುಗಿ ಗುಡಿಯ ಕಡೆ ಮುಖ ಮಾಡಿ ಇನ್ನೊಮ್ಮೆ ಬಾಗಿ. ಹಸಿವಾಗಿದ್ದರೆ ಈ ಕೇರಿಗಳಲ್ಲಿ ತಾಯಾಕಿ ಸಿಗುತ್ತದೆ. ಮೀನಿನ ಆಕಾರದ ಅಚ್ಚಿನಲ್ಲಿ ಬೇಯಿಸಿದ ಈ ತಿಂಡಿಯಲ್ಲಿ ಮೀನಿಲ್ಲ, ಒಳಗಿರುವುದು ಕೆಂಪು ಅಜುಕಿ ಕಾಳಿನ ಸಿಹಿ ಹೂರಣ. ಹೊರಗಿನ ಹಿಟ್ಟಿಗೆ ಮೊಟ್ಟೆ ಹಾಕುವ ಅಂಗಡಿಗಳೂ ಇವೆ, ತಿನ್ನದವರು ‘ತಾಮಾಗೊ’ ಇದೆಯೇ ಎಂದು ಕೇಳಿಕೊಳ್ಳಿ. ಜಿಂಜಾದ ಆವರಣದೊಳಗೆ ತಿನ್ನುತ್ತಾ ಓಡಾಡಬೇಡಿ.

ಸಮಯವಿದ್ದರೆ ಶಿನೊಬಾಜು ರಸ್ತೆಯಲ್ಲಿ ದಕ್ಷಿಣಕ್ಕೆ ಹದಿನೈದಿಪ್ಪತ್ತು ನಿಮಿಷ ನಡೆಯಿರಿ. ಉಯೆನೊದ ಶಿನೊಬಾಜು ಕೊಳ ಸಿಗುತ್ತದೆ, ಜುಲೈ ಆಗಸ್ಟ್‌ನಲ್ಲಿ ತಾವರೆ ತುಂಬಿದ ಕೊಳ. ಅದರ ನಡುವಿನ ದ್ವೀಪದಲ್ಲಿ ಬೆಂಜೈತೆನ್ ಎಂಬ ದೇವಿಯಿದ್ದಾಳೆ. ಸಾಮಾನ್ಯವಾಗಿ ಬಿವಾ ಎಂಬ ತಂತಿವಾದ್ಯ ಹಿಡಿದಂತೆ ತೋರಿಸುವ, ನೀರಿನ ನಡುವೆ ನೆಲೆಸಿದ, ಮಾತಿಗೆ, ಸಂಗೀತಕ್ಕೆ ಒಡತಿಯಾದ ಈಕೆ ನಮ್ಮ ಸರಸ್ವತಿ. ಬೌದ್ಧರ ಜೊತೆಗೆ ಚೀನಾ ದಾಟಿ ಜಪಾನಿಗೆ ಬಂದವಳು. ಅಲ್ಲಿ ಹೋದಾಗ ಒಂದನ್ನು ನೆನಪಿಡಬೇಕು. ಅದು ಕಾನ್‌ಎಯ್‌ಜಿ ಎಂಬ ಬೌದ್ಧ ದೇವಾಲಯಕ್ಕೆ ಸೇರಿದ ಗುಡಿ, ಜಿಂಜಾ ಅಲ್ಲ. ನಾಣ್ಯ ಹಾಕಿ, ಬಾಗಿ, ಸುಮ್ಮನೆ ಕೈ ಮುಗಿಯಿರಿ. ಈಗಷ್ಟೇ ಕಲಿತ ಚಪ್ಪಾಳೆಯನ್ನು ಅಲ್ಲಿ ತಟ್ಟಬೇಡಿ.